ಆಮ್ ಮೊಂಜಿಯ ಇಂಜಿನ್ ಆಯಿಲ್ ಮತ್ತು ಒಂದು ಕಾಮಕಸ್ತೂರಿ ಕುಂಡ

೧.

ಎಲ್ಲಿಂದ ಶುರು ಮಾಡಲಿ?

ಶೈಲಿಗಾಗಿ ಕೇಳುತ್ತಿಲ್ಲ, ನಿಜವಾಗಿಯೂ ಕಷ್ಟದಲ್ಲಿದ್ದೇನೆ. ಗಾಡಿಯಿಂದ ಶುರು ಮಾಡಿದರೆ ಖಾಲ್ತಿ ಶೆದ್ಲಿಯಾ ನನ್ನ ಜೊತೆ ಮಾತು ಬಿಡುತ್ತಾರೆ. ಕುಸ್ಕುಸ್‌ನಿಂದ ಶುರು ಮಾಡಿದರೆ ಅವರ ಗಂಡ ಆಮ್ ಮೊಂಜಿ ಬಿಡುತ್ತಾರೆ. ಖಾಲ್ತಿ ಅಂದರೆ ಚಿಕ್ಕಮ್ಮ, ಆಮ್ ಅಂದರೆ ಚಿಕ್ಕಪ್ಪ. ರಕ್ತ ಸಂಬಂಧ ಏನಿಲ್ಲ, ನಡುವೆ ಒಂದು ಗೋಡೆ ಇದೆ ಅಷ್ಟೆ, ಅದೂ ಗಿಡ್ಡ. ಮಹ್ದಿಯಾದಂಥ ಪುಟ್ಟ ಕಡಲತೀರದ ಊರಿನಲ್ಲಿ ಪಕ್ಕದ ಮನೆಯವರ ಮಾತು ತಪ್ಪಿಸಿಕೊಂಡು ಬದುಕುವುದು ಹೇಗೆ? ಅವರ ಮನೆಯಲ್ಲಿ ಮೀನು ಹುರಿದಾಗ ವಾಸನೆ ಮಾತ್ರ ಗೋಡೆ ದಾಟಿ ಬರುತ್ತದೆ, ತಟ್ಟೆ ಬರುವುದಿಲ್ಲ.

ಹಾಗಾಗಿ ಯಾರಿಗೂ ಸೇರದ ಕಡಲಿನಿಂದ ಶುರು ಮಾಡಿದೆ.

೧. (ಎರಡನೇ ಸಲ)

"ಆಗಸ್ಟಿನ ಆ ಬೆಳಗ್ಗೆ ಕಡಲು ನೀಲಿ ಕನ್ನಡಿಯಂತೆ ಹೊಳೆಯುತ್ತಿತ್ತು. ದೂರದಲ್ಲಿ ಬೆಸ್ತರ ದೋಣಿಗಳು..."

ಇಷ್ಟನ್ನು ಗೋಡೆಯ ಮೇಲಿಂದ ಇಬ್ಬರಿಗೂ ಓದಿ ಹೇಳಿದೆ. (ಬರೆದದ್ದನ್ನು ಓದಿ ಹೇಳಬೇಕು ಎಂಬುದು ಕರಾರು. ಯಾಕೆಂದು ಮುಂದೆ ಗೊತ್ತಾಗುತ್ತದೆ.)

"ಆಯಿಲ್ ಚೇಂಜ್ ಮಾಡೋದಕ್ಕೆ ಕಡಲು ಯಾಕಮ್ಮ?" ಅಂದರು ಆಮ್ ಮೊಂಜಿ. "ನಾನೇನು ದೋಣಿ ಇಟ್ಕೊಂಡಿದೀನಾ?"

"ಕಡಲು ಕನ್ನಡಿ ಥರ ಅಂತೆ," ಅಂದರು ಖಾಲ್ತಿ. "ಅದರಲ್ಲಿ ಮುಖ ನೋಡ್ಕೊಂಡು ತಲೆ ಬಾಚಿರೋರನ್ನ ಯಾರನ್ನಾದ್ರೂ ಕಂಡಿದೀಯೇನೇ ಬೇಯಾ?"

ಬೇಯಾ ಅಂದರೆ ನಾನು. ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತೇನೆ, ಬೇಸಿಗೆ ರಜೆಯಲ್ಲಿ ಯಾರೂ ಓದದ ಕಥೆಗಳನ್ನು ಬರೆಯುತ್ತೇನೆ. ಕಡಲನ್ನು ಹೊಡೆದು ಹಾಕಿದೆ. ನಲವತ್ತು ಪುಟ ಬರೆದು ಹರಿದದ್ದಿದೆ, ಒಂದು ಕಡಲು ಯಾವ ಲೆಕ್ಕ.

೨. ಪಂದ್ಯ

ಹೋದ ವರ್ಷದ ವಿಷಯ ಹೇಳದೆ ವಿಧಿಯಿಲ್ಲ.

ನಮ್ಮಲ್ಲಿ ಆಗಸ್ಟ್ ಬಂತೆಂದರೆ ವರ್ಷಕ್ಕಾಗುವಷ್ಟು ಕುಸ್ಕುಸ್ ಮಾಡಿಟ್ಟುಕೊಳ್ಳುವ ಕಾಲ. ಗೋಧಿ ರವೆಗೆ ನೀರು ಚಿಮುಕಿಸಿ, ಅಂಗೈಯಲ್ಲಿ ಹೊಸೆದು, ಜರಡಿ ಹಿಡಿದು, ಅಂಗಳದ ತುಂಬ ಬಿಳಿ ದುಪ್ಪಟಿ ಹಾಸಿ ಒಣಗಿಸುತ್ತಾರೆ. ಆಮ್ ಮೊಂಜಿಗೂ ಆಗಸ್ಟೇ ಆಗಬೇಕು. ಬಿಸಿಲಿಗೆ ಹಳೇ ಆಯಿಲ್ ಕೊನೇ ತೊಟ್ಟಿನವರೆಗೂ ಇಳಿದುಬರುತ್ತದೆ ಎಂಬುದು ಅವರ ವಾದ. ಅವರದು ಹಳೆಯ ಪ್ಯೂಜೋ ಪಿಕಪ್, ಹಿಂದೆ ಟಾರ್ಪಾಲಿನ ಹೊದಿಕೆ. ಜೀವಮಾನವೆಲ್ಲ ಅದರಲ್ಲಿ ಟೊಮೆಟೊ, ಮೆಣಸಿನಕಾಯಿ ಸಾಗಿಸಿದವರು, ಈಗ ಪ್ರತಿ ಶುಕ್ರವಾರ ಹೆಂಡತಿಯನ್ನು ಆಕೆಯ ಅಕ್ಕನ ಮನೆಗೆ ಸಾಗಿಸುತ್ತಾರೆ. ಎರಡಕ್ಕೂ ವ್ಯತ್ಯಾಸವಿಲ್ಲ, ಯಾವುದನ್ನೂ ಜೋರಾಗಿ ಇಳಿಸುವಂತಿಲ್ಲ ಅನ್ನುತ್ತಾರೆ. (ಇದನ್ನು ಗೋಡೆಯ ಮೇಲಿಂದ ಓದುವಾಗ ಹಾರಿಸಿದೆ.)

ಹೋದ ವರ್ಷ ಹಳೇ ಆಯಿಲ್ ತುಂಬಿದ ಬೋಗುಣಿ ಹಿಡಿದು ಅಂಗಳ ದಾಟುವಾಗ ಅವರ ಕಾಲಿಗೆ ದುಪ್ಪಟಿಯ ಅಂಚು ಸಿಕ್ಕಿಕೊಂಡಿತು. ಮುಂದಿನದನ್ನು ನೀವೇ ಊಹಿಸಿಕೊಳ್ಳಿ, ನನಗೆ ಬರೆಯಲು ಸಂಕಟವಾಗುತ್ತದೆ. ಮೂಲೆಯಲ್ಲಿ ಉಳಿದ ಕುಸ್ಕುಸ್ಸನ್ನು ಖಾಲ್ತಿ ಆರಿಸಿ ಎತ್ತಿಟ್ಟರು. ಹಬ್ಬಕ್ಕೆ ಗಾಬೆಸ್‌ನಿಂದ ಬಂದ ಅವರ ತಮ್ಮ ಲಝರ್ ಎರಡು ತುತ್ತು ತಿಂದು, "ಅಕ್ಕಾ, ಇದೇನು ಒಂಥರಾ ಗ್ಯಾರೇಜ್ ಪರಿಮಳ?" ಅಂದ.

ಅವತ್ತೇ ಖಾಲ್ತಿ ಎಲ್ಲರ ಮುಂದೆ ಹೇಳಿಬಿಟ್ಟರು. "ಬರೋ ವರ್ಷ ನನ್ನ ಅಂಗಳದ ಕಲ್ಲಿನ ಮೇಲೆ ಒಂದೇ ಒಂದು ಹನಿ ಎಣ್ಣೆ ಬೀಳ್ಲಿ. ಗಾಡಿ ಲಝರ್‌ಗೆ. ಮಾತು ಅಂದ್ರೆ ಮಾತು."

"ಬೀಳ್ದಿದ್ರೆ?" ಅಂದರು ಆಮ್ ಮೊಂಜಿ.

"ಬೀಳ್ದಿದ್ರೆ ನೀನು ಸಾಯೋವರೆಗೂ ಓಡಿಸ್ಕೋ. ನಾನು ಬಾಯಿ ಬಿಡಲ್ಲ."

"ನೀನು ಬಾಯಿ ಬಿಡಲ್ವಾ? ಇದನ್ನ ಯಾರಾದ್ರೂ ಬರೆದಿಟ್ಕೊಳ್ರಪ್ಪ!"

ನಾನು ಸಿಕ್ಕಿಬಿದ್ದದ್ದು ಹೀಗೆ. ತೀರ್ಪುಗಾರ್ತಿ ನಾನೇ. ಹನಿ ಬಿತ್ತೋ ಇಲ್ಲವೋ ಎಂಬುದನ್ನು ನಾನು ಕಥೆ ಬರೆದು ಹೇಳಬೇಕು, ಬರೆದಷ್ಟನ್ನು ಇಬ್ಬರಿಗೂ ಓದಿ ಹೇಳಬೇಕು. ಕಥೆ ಮುಗಿದ ದಿನ ತೀರ್ಪು.

೩. ಓದುಗರ ಪ್ರಶ್ನೆ

ಇಷ್ಟೆಲ್ಲ ಯಾಕೆ, ಎಲ್ಲರ ಹಾಗೆ ಗ್ಯಾರೇಜಿಗೆ ಕೊಡಬಾರದಾ ಅಂತ ನೀವು ಕೇಳುತ್ತೀರಿ. ನಾನೂ ಕೇಳಿದ್ದೆ.

"ಖಾಲ್ತಿಗೆ ಅಂಗಡಿ ಕುಸ್ಕುಸ್ ತಗೋ ಅಂತ ಹೇಳಿ ನೋಡು," ಅಂದರು ಆಮ್ ಮೊಂಜಿ.

ಖಾಲ್ತಿಯ ಕಡೆ ನೋಡಿದೆ. ಅವರು ಜರಡಿ ಆಡಿಸುತ್ತಲೇ ಇದ್ದರು, ಆದರೆ ಬಾಯಿ ಬಿಡಲಿಲ್ಲ. ಆ ಮನೆಯಲ್ಲಿ ಅವರು ಉತ್ತರ ಕೊಡದೆ ಬಿಟ್ಟ ಮಾತು ನನಗೆ ಗೊತ್ತಿರುವ ಹಾಗೆ ಅದೊಂದೇ.

ಆಮೇಲೆ ಆಮ್ ಮೊಂಜಿ ಗೋಡೆಗೆ ಒರಗಿ ಮೆಲ್ಲಗೆ ಹೇಳಿದರು. "ಗಾಡಿ ಹೋದ್ರೆ ನಾನು ಕಾಫಿ ಅಂಗಡಿ ಕುರ್ಚಿ ಆಗ್ತೀನಿ ಬೇಯಾ. ಯಾರಾದ್ರೂ ಎಳೆದ್ರೆ ಹೋಗೋದು, ಇಲ್ಲಾಂದ್ರೆ ಅಲ್ಲೇ. ಬೇರೆಯವರು ಮನೆಗೆ ಹೋಗೋಣ ಅಂದಾಗ ಮನೆಗೆ ಹೋಗೋ ಗಂಡಸು ಆಗ್ಬಿಡ್ತೀನಿ."

ಗಾಡಿ ಇವರಲ್ಲೇ ಉಳಿಯಲಿ ಅಂದುಕೊಂಡೆ. ತೀರ್ಪುಗಾರ್ತಿ ಹಾಗೆಲ್ಲ ಅಂದುಕೊಳ್ಳಬಾರದು, ಗೊತ್ತು.

೪. ಪಾಠ

ಇಲ್ಲಿ ಕಥೆ ಸ್ವಲ್ಪ ನಿಲ್ಲಲಿ. ವಿಮರ್ಶಕರು ಎದ್ದು ಚಹಾ ಕುಡಿದು ಬರಬಹುದು, ಗಾಡಿ ಇರುವವರು ಕೂತಿರಿ.

ಮನೆಯಲ್ಲಿ ಗಲೀಜು ಮಾಡದೆ ಆಯಿಲ್ ಬದಲಿಸುವುದು ಹೇಗೆ? ಇಂಜಿನ್ ತಣ್ಣಗಿದ್ದರೆ ಆಯಿಲ್ ಗಟ್ಟಿ, ಕಾದಿದ್ದರೆ ಕೈ ಸುಡುತ್ತದೆ. ಹತ್ತಿರದಲ್ಲಿ ಒಂದು ಸುತ್ತು ಹೊಡೆದು ಬಂದು, ಬೋನೆಟ್ಟಿನ ಮೇಲೆ ಕೈ ಇಟ್ಟರೆ ಹಿತವಾಗುವಷ್ಟು ಬೆಚ್ಚಗಿರಬೇಕು. ಕೆಳಗೆ ಫ್ರಿಜ್ ಬಂದಿದ್ದ ರಟ್ಟಿನ ಪೆಟ್ಟಿಗೆ ಬಿಚ್ಚಿ ಹಾಸಿ. ಡ್ರೈನ್ ಬೋಲ್ಟನ್ನು ಸ್ಪ್ಯಾನರಿನಿಂದ ಸಡಿಲಿಸಿ, ಆಮೇಲೆ ಕೈಯಿಂದ ಒಳಕ್ಕೆ ಒತ್ತಿ ಹಿಡಿದುಕೊಂಡೇ ತಿರುಗಿಸಿ. ಕೊನೆಯ ಸುತ್ತಿಗೆ ಚಕ್ಕನೆ ಪಕ್ಕಕ್ಕೆ ಎಳೆಯಿರಿ, ಇಲ್ಲದಿದ್ದರೆ ಮೊದಲ ಧಾರೆ ನಿಮ್ಮ ತೋಳಿನೊಳಕ್ಕೇ. ಫಿಲ್ಟರ್ ಬಿಚ್ಚುವ ಮುಂಚೆ ಅದಕ್ಕೊಂದು ಪ್ಲಾಸ್ಟಿಕ್ ಚೀಲ ತೊಡಿಸಿ, ಅದು ಉಗುಳಿದ್ದೆಲ್ಲ ಚೀಲದೊಳಗೇ ಉಳಿಯುತ್ತದೆ. ಹೊಸ ಫಿಲ್ಟರಿನ ರಬ್ಬರಿಗೆ ಹೊಸ ಆಯಿಲ್ ಸವರಿ ಕೈಯಲ್ಲೇ ಬಿಗಿ ಮಾಡಿ.

ಇನ್ನು ಆಯಿಲ್ ಹಿಡಿಯುವ ಪಾತ್ರೆ. ಆಮ್ ಮೊಂಜಿ ವರ್ಷವಿಡೀ ಯೋಚಿಸಿ ಬೋಗುಣಿಯ ಸಹವಾಸವೇ ಬೇಡ ಅಂತ ತೀರ್ಮಾನಿಸಿದ್ದರು. ಆಲಿವ್ ಎಣ್ಣೆಯ ಖಾಲಿ ಪ್ಲಾಸ್ಟಿಕ್ ಕ್ಯಾನ್ ತೆಗೆದುಕೊಂಡರು. ಅಡ್ಡ ಮಲಗಿಸಿ, ಮೇಲಿನ ಹೊಟ್ಟೆಯನ್ನು ಚಾಕುವಿನಿಂದ ಕತ್ತರಿಸಿದರು. ಎಣ್ಣೆ ಹೊಟ್ಟೆಗೆ ಬೀಳುತ್ತದೆ, ಬಾಯಿಗೆ ಮುಚ್ಚಳ ಇರುತ್ತದೆ. ಆಮೇಲೆ ಮುಚ್ಚಳ ತೆಗೆದು ಅದೇ ಬಾಯಿಂದ ಇನ್ನೊಂದು ಡಬ್ಬಕ್ಕೆ ಬಗ್ಗಿಸಿ ಪೆಟ್ರೋಲ್ ಬಂಕಿನ ಹಳೇ ಆಯಿಲ್ ಪೀಪಾಯಿಗೆ ಒಯ್ಯಬಹುದು. ಬೋಗುಣಿ ಇಲ್ಲ, ತುಳುಕುವುದಿಲ್ಲ, ಎಡವುವುದಿಲ್ಲ.

"ಹೇಗಿದೆ?" ಅಂದರು, ಮಗು ಎತ್ತಿ ತೋರಿಸುವ ಹಾಗೆ ಕ್ಯಾನ್ ಎತ್ತಿ ತೋರಿಸುತ್ತಾ.

"ಭಾರೀ ಚೆನ್ನಾಗಿದೆ ಆಮ್ ಮೊಂಜಿ," ಅಂದೆ. ನಿಜವಾಗಿಯೂ ಚೆನ್ನಾಗಿತ್ತು. ಮುಚ್ಚಳ ಕೆಂಪಗಿತ್ತು. ಆ ಕೆಂಪು ಮುಚ್ಚಳವನ್ನು ನೆನಪಿನಲ್ಲಿಡಿ. (ಒಳ್ಳೆಯ ಕಥೆಗಾರರು ಹೀಗೆ ಬಾಯಿಬಿಟ್ಟು ಹೇಳುವುದಿಲ್ಲ. ನನಗೆ ಅಷ್ಟು ತಾಳ್ಮೆಯಿಲ್ಲ.)

೫. ಗೋಡೆಯ ಮೇಲಿಂದ ಓದದ ಭಾಗ

ಇಲ್ಲಿಂದ ಮುಂದಿನದನ್ನು ಅವರಿಬ್ಬರಿಗೂ ಓದಿಲ್ಲ. ನೀವು ಮೆಲ್ಲಗೆ ಓದಿಕೊಳ್ಳಿ.

ಆಮ್ ಮೊಂಜಿ ಇಂಜಿನ್ ಬೆಚ್ಚಗೆ ಮಾಡಲೆಂದು ಗಾಡಿ ತೆಗೆದುಕೊಂಡು ಬಂದರಿನ ಕಡೆ ಒಂದು ಸುತ್ತು ಹೋದರು. ನಾನೂ ಖಾಲ್ತಿಯೂ ಅಂಗಳದಲ್ಲಿ ಗಾಡಿ ನಿಲ್ಲುವ ಜಾಗದ ಪಕ್ಕಕ್ಕೇ ಮಣೆ ಹಾಕಿಕೊಂಡು, ದೊಡ್ಡ ಮರದ ಬೋಗುಣಿಯ ಮುಂದೆ ಕೂತು ಕುಸ್ಕುಸ್ ಹೊಸೆಯುತ್ತಿದ್ದೆವು.

"ಇದೇನೇ ಇದು, ಕುಸ್ಕುಸ್ಸೋ ಜಲ್ಲಿಕಲ್ಲೋ?" ಅಂದರು ನನ್ನ ಕೈಯನ್ನು ನೋಡಿ. "ಇದರಲ್ಲಿ ಮನೆ ಕಟ್ಟಬಹುದು. ಬರೆಯೋಕೆ ಹೋಗಿ ಕೈ ಕೆಟ್ಟೋಯ್ತು ನಿಂದು."

ಅಷ್ಟರಲ್ಲಿ ಅವರಿಗೆ ಅಡುಗೆಮನೆಯಲ್ಲಿ ಆಲಿವ್ ಎಣ್ಣೆಯ ಹೊಸ ಕ್ಯಾನ್ ನೆನಪಾಯಿತು. ಅದರ ಮುಚ್ಚಳ ಸೀಳಿಹೋಗಿತ್ತು. ಈ ಊರಿನ ಯಾವ ಹೆಂಗಸೂ ಆಲಿವ್ ಎಣ್ಣೆಗೆ ಗಾಳಿಯಾಡಲು ಬಿಡುವುದಿಲ್ಲ, ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ ಬೇರೆ ಇಟ್ಟು ಬಿಗಿಯುತ್ತಾರೆ. ಖಾಲ್ತಿ ಅಂಗಳದಲ್ಲಿ ಅತ್ತಿತ್ತ ನೋಡಿದರು. ಹೊಟ್ಟೆ ಕತ್ತರಿಸಿದ ಹಳೇ ಕ್ಯಾನ್ ಬಿದ್ದಿತ್ತು. ಅದರ ಕೆಂಪು ಮುಚ್ಚಳ ತಿರುಗಿಸಿ ತೆಗೆದುಕೊಂಡು, ಆ ಬಾಯಿಗೆ ಒಂದು ಚಿಂದಿ ತುರುಕಿ, ಒಳಗೆ ಹೋದರು. ಯಾವ ಕೆಟ್ಟ ಉದ್ದೇಶವೂ ಇರಲಿಲ್ಲ. ಒಳ್ಳೇ ಎಣ್ಣೆಗೆ ಒಳ್ಳೇ ಮುಚ್ಚಳ, ಕೆಟ್ಟ ಎಣ್ಣೆಗೆ ಚಿಂದಿ.

ನಾನು ನೋಡಿದೆ. ನೋಡಿಯೂ ನನ್ನ ತಲೆಗೆ ಏನೂ ಹೊಳೆಯಲಿಲ್ಲ, ಜಲ್ಲಿಕಲ್ಲು ಹೊಸೆಯುತ್ತಾ ಕೂತಿದ್ದೆ.

ಆಮ್ ಮೊಂಜಿ ವಾಪಸ್ ಬಂದರು. ರಟ್ಟು ಹಾಸಿದರು, ಮೊಣಕೈವರೆಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡರು, "ಬಿಸ್ಮಿಲ್ಲಾ" ಅಂದು ಗಾಡಿಯ ಕೆಳಗೆ ನುಸುಳಿದರು. ಕ್ಯಾನನ್ನು ಕಾಲಿನಿಂದಲೇ ಎಳೆದುಕೊಂಡರು. ಅದರ ಹೊಟ್ಟೆ ಬೋಲ್ಟಿನ ಕೆಳಗೆ ಸರಿಯಾಗಿ ಕೂತಿತು. ಬಾಯಿ ಮಾತ್ರ ರಟ್ಟು ದಾಟಿ ಒಂದು ಗೇಣು ಆಚೆಗೆ, ನಮ್ಮ ಕಡೆಗೆ, ಅಂಗಳದ ಬಿಳಿ ಕಲ್ಲಿನ ಮೇಲೆ ಚಾಚಿಕೊಂಡಿತು.

ಇಲ್ಲಿ ನಿಮಗೊಂದು ಅವಕಾಶ ಕೊಡುತ್ತೇನೆ. ಆಮ್ ಮೊಂಜಿ ಗೆಲ್ಲಬೇಕು ಅನ್ನುವವರು ಓದುವುದನ್ನು ನಿಲ್ಲಿಸಿ ಹೋಗಿ ಮೀನು ಹುರಿದುಕೊಳ್ಳಿ. ಉಳಿದವರು ಮುಂದೆ ಬನ್ನಿ.

(ಯಾರೂ ಹೋಗಲಿಲ್ಲ ಅಂತ ಕಾಣುತ್ತದೆ.)

ಆಯಿಲ್ ಇಳಿಯಿತು. ಕಪ್ಪಗೆ, ಬೆಚ್ಚಗೆ, ಒಂದೇ ಧಾರೆಯಾಗಿ. ಪಕ್ಕಕ್ಕೆ ಸಿಡಿಯಲಿಲ್ಲ, ಗಾಳಿಗೆ ಓಲಾಡಲಿಲ್ಲ. ಅಷ್ಟು ಚೆಂದದ ಕೆಲಸವನ್ನು ನಾನು ಗ್ಯಾರೇಜಿನಲ್ಲೂ ಕಂಡಿಲ್ಲ. ಗಾಡಿಯ ಕೆಳಗಿನಿಂದ ಆಮ್ ಮೊಂಜಿಯ ಹಾಡು ಬೇರೆ ಕೇಳುತ್ತಿತ್ತು.

"ಲಝರ್‌ಗೆ ಫೋನ್ ಮಾಡಿ ಹೇಳು ಮಾರಾಯ್ತಿ," ಅಂತ ಕೂಗಿದರು, "ಅವನು ಕತ್ತೆ ಕೊಂಡ್ಕೊಳ್ಳಲಿ!"

ಆಗಲೇ ಚಿಂದಿ ಒದ್ದೆಯಾಗತೊಡಗಿತು. ನಾವಿಬ್ಬರೂ ನೆಲಮಟ್ಟದಲ್ಲಿ ಕೂತಿದ್ದರಿಂದ ಕಣ್ಣಿಗೆ ನೇರ. ಬಿಳಿ ಚಿಂದಿ ಬೂದುಬಣ್ಣವಾಯಿತು, ಬೂದು ಕಪ್ಪಾಯಿತು. ತುದಿಯಲ್ಲಿ ತೊಗರಿಕಾಳಿನಷ್ಟು ದಪ್ಪದ ಒಂದು ಹನಿ ಕೂಡಿಕೊಂಡು ಜೋತಾಡಿತು.

ನಾನು ಖಾಲ್ತಿಯ ಮುಖ ನೋಡಿದೆ. ಗೆದ್ದವರ ಮುಖವಲ್ಲ ಅದು. ಅವರ ಕಣ್ಣು ಚಿಂದಿಯಿಂದ ಅಡುಗೆಮನೆಗೆ ಹೋಯಿತು, ಅಲ್ಲಿಂದ ಗಾಡಿಯ ಕೆಳಗೆ ಚಾಚಿಕೊಂಡಿದ್ದ ಎರಡು ಕಾಲುಗಳಿಗೆ ಬಂತು. ಒಂದು ಕಾಲಿನ ಹೆಬ್ಬೆರಳು ಹಾಡಿಗೆ ತಾಳ ಹಾಕುತ್ತಿತ್ತು.

ನಮ್ಮ ಊರಲ್ಲಿ ರೊಟ್ಟಿಯ ಚೂರು ನೆಲಕ್ಕೆ ಬಿದ್ದರೆ ಎತ್ತಿ ಮುತ್ತಿಟ್ಟು ಗೋಡೆಯ ಮೇಲಿಡುತ್ತಾರೆ. ಖಾಲ್ತಿಯಂತೂ ಜರಡಿಯಿಂದ ಹಾರಿದ ರವೆಯ ಕಾಳನ್ನೂ ಬೆರಳು ಒದ್ದೆ ಮಾಡಿಕೊಂಡು ಹೆಕ್ಕುವವರು. ಅಂಥವರು ಚೀಲಕ್ಕೆ ಕೈ ಹಾಕಿ, ಬೊಗಸೆ ತುಂಬ ಒಣ ರವೆ ಎತ್ತಿ, "ಅಸ್ತಗ್‌ಫಿರುಲ್ಲಾ, ದೇವರೇ ಕ್ಷಮಿಸು" ಅಂದು ಆ ಹನಿಯ ಕೆಳಕ್ಕೆ ಎಸೆದರು.

ಅದೇ ಗಳಿಗೆಯಲ್ಲಿ ಹನಿ ಬಿತ್ತು.

ಈಗ ಹೇಳಿ. ಹನಿ ಮೊದಲು ಕಲ್ಲಿಗೆ ತಾಗಿತೋ, ರವೆ ಮೊದಲು ತಾಗಿತೋ? ಪಂದ್ಯ ಇದ್ದದ್ದು ಅಂಗಳದ ಕಲ್ಲಿನ ಬಗ್ಗೆ. ರವೆಯ ಮೇಲೆ ಬಿದ್ದ ಹನಿ ಹನಿಯಲ್ಲ. ನಾನು ರೆಪ್ಪೆ ಮಿಟುಕಿಸಲಿಲ್ಲ, ಆಣೆ ಮಾಡುತ್ತೇನೆ, ಆದರೂ ನನಗೆ ಗೊತ್ತಾಗಲಿಲ್ಲ. ನೋಡೋಣವೆಂದು ಬಗ್ಗುವಷ್ಟರಲ್ಲಿ ಖಾಲ್ತಿ ಕ್ಯಾನಿನ ಬಾಯನ್ನು ಕೊಂಚ ಪಕ್ಕಕ್ಕೆ ಸರಿಸಿ ಚಿಂದಿಯ ಕೆಳಗೆ ನೀರಿನ ಚೊಂಬು ಒಡ್ಡಿದ್ದರು, ಇನ್ನೊಂದು ಕೈಯಿಂದ ಮೆಟ್ಟಿಲ ಪಕ್ಕದ ಕಾಮಕಸ್ತೂರಿ ಕುಂಡವನ್ನು ಜರ್ ಅಂತ ಎಳೆದು ರವೆಯ ಮೇಲೆ ಕೂರಿಸಿಬಿಟ್ಟಿದ್ದರು.

ಹಾಡು ನಿಂತಿತು. "ಏನದು ಸದ್ದು?"

"ಬೆಕ್ಕು," ಅಂದರು ಖಾಲ್ತಿ.

"ಬೆಕ್ಕು ಕುಂಡ ಎಳೆಯುತ್ತಾ?"

"ನಮ್ಮನೆ ಬೆಕ್ಕು ಎಳೆಯುತ್ತೆ. ನೀನು ನಿನ್ನ ಕೆಲಸ ನೋಡು ಮಾರಾಯ."

ಆಮೇಲೆ ನನ್ನ ಕಡೆ ತಿರುಗಿ, "ಹೊಸಿ ಮಗಳೇ, ಹೊಸಿ. ರವೆ ಒಣಗ್ತಿದೆ," ಅಂದರು.

೬. ಇನ್ನೂ ಒಂದು

ಫಿಲ್ಟರ್ ಆಯಿತು, ವಾಷರ್ ಆಯಿತು, ಖಾಲ್ತಿ ಚಿಂದಿಯನ್ನು ಬಿಗಿಯಾಗಿ ತುರುಕಿ ಚೊಂಬನ್ನು ಮಣೆಯ ಹಿಂದೆ ಅಡಗಿಸಿದ್ದೂ ಆಯಿತು. ಆಮ್ ಮೊಂಜಿ ಹೊರಗೆ ಬಂದರು. ಹೊಸ ಆಯಿಲ್ ಹೊಯ್ದು, ಅಂಗಳದ ಉದ್ದಕ್ಕೂ ನಡೆದು, ರಟ್ಟಿನ ಅಂಚು ಎತ್ತಿ, ಬಿಳಿ ಕಲ್ಲುಗಳನ್ನು ಮದುವೆಗೆ ಹೆಣ್ಣು ನೋಡುವವರ ಹಾಗೆ ನೋಡಿದರು. "ಎಲ್ಲಿದೆ ಹನಿ? ತೋರಿಸಿ! ಯಾರಾದ್ರೂ ತೋರಿಸಿ!"

ಖಾಲ್ತಿ ಕುಸ್ಕುಸ್ ಮೇಲಿಂದ ತಲೆ ಎತ್ತಲಿಲ್ಲ.

ಆಮ್ ಮೊಂಜಿ ಹಳೇ ಆಯಿಲನ್ನು ಡಬ್ಬಕ್ಕೆ ಬಗ್ಗಿಸಲೆಂದು ಕ್ಯಾನ್ ಎತ್ತಿದರು. ಬಾಯಿ ನೋಡಿದರು. ಚಿಂದಿ. ಮುಚ್ಚಳ ಹುಡುಕಿಕೊಂಡು ಅಡುಗೆಮನೆಗೆ ಹೋದರು. ಬಾಗಿಲಿನಿಂದ ನನಗೆ ಅವರ ಬೆನ್ನು ಕಾಣುತ್ತಿತ್ತು. ಅವರ ಮುಂದೆ ಆಲಿವ್ ಎಣ್ಣೆಯ ಹೊಸ ಕ್ಯಾನ್, ಅದರ ತಲೆಯ ಮೇಲೆ ಕೆಂಪು ಮುಚ್ಚಳ.

ಈಗ ಕೂಗಾಡುತ್ತಾರೆ, ಮುಚ್ಚಳ ಕದ್ದದ್ದು ನೀನು, ತಪ್ಪು ನಿನ್ನದು ಅನ್ನುತ್ತಾರೆ ಅಂದುಕೊಂಡೆ. ಹಾಗೆ ಅಂದರೆ ಹನಿ ಬಿದ್ದದ್ದನ್ನು ಒಪ್ಪಿದ ಹಾಗೆ. ಖಾಲ್ತಿಗೂ ಅಷ್ಟೇ, ಹನಿ ಬಿತ್ತು ಅಂದರೆ ಮುಚ್ಚಳದ ವಿಷಯ ಬರುತ್ತದೆ.

ಆಮ್ ಮೊಂಜಿ ಹೊರಗೆ ಬಂದರು. ಜಾಗ ಬದಲಿಸಿದ್ದ ಕುಂಡದ ಕಡೆ ನೋಡಿದರು. "ಶೆದ್ಲಿಯಾ," ಅಂದರು, "ಕಾಮಕಸ್ತೂರಿ ಅಲ್ಲಿ ಚೆನ್ನಾಗಿ ಕಾಣುತ್ತೆ."

"ಅಲ್ಲಿ ಬಿಸಿಲು ಬರುತ್ತೆ ಅದಕ್ಕೆ," ಅಂದರು ಖಾಲ್ತಿ.

೭. ಅಂತ್ಯಗಳು

ಅ) ಹನಿ ಬಿತ್ತು ಎಂದು ತೀರ್ಪು. ಭಾನುವಾರ ಲಝರ್ ಬರುತ್ತಾನೆ, ಆಮ್ ಮೊಂಜಿ ಕೀಲಿ ಕೊಡುತ್ತಾರೆ. ಇದನ್ನು ಎಷ್ಟು ಸಲ ಬರೆದರೂ ಕೀಲಿ ಅವರ ಕೈ ಬಿಡುವುದಿಲ್ಲ. "ಈ ಪ್ಯಾರಾದಿಂದ ನಾನು ಇಳಿಯಲ್ಲ," ಅಂತ ಕಾಗದದ ಮೇಲೆಯೇ ಸೀಟಿನಲ್ಲಿ ಕೂತುಬಿಟ್ಟಿದ್ದಾರೆ, ಬಾಗಿಲು ಒಳಗಿನಿಂದ ಲಾಕು.

ಆ) ಹನಿ ಬೀಳಲಿಲ್ಲ ಎಂದು ತೀರ್ಪು. ಕಾಗದದ ಖಾಲ್ತಿ ಜರಡಿ ಕೆಳಗಿಡುತ್ತಾರೆ. "ಹಾಗಾದ್ರೆ ನಾನು ಸೋತೆ ಅಂತ ಬರೀತೀಯಾ? ಒಂದು ಬೊಗಸೆ ರವೆ ಮಣ್ಣುಪಾಲು ಮಾಡಿ, ಪಾಪ ಕಟ್ಕೊಂಡು, ಮೇಲೆ ಸೋತೂ ಸೋಲ್ಬೇಕಾ?"

ಇ) ಇಬ್ಬರೂ ಒಪ್ಪಿಕೊಂಡು, ಅತ್ತು, ಅಪ್ಪಿಕೊಳ್ಳುತ್ತಾರೆ. ಇದನ್ನು ಬರೆದವಳು ನಾನೇ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆ ಮನೆಯಲ್ಲಿ ಪ್ರೀತಿ ಬೈಗುಳದ ಮೂಲಕವೇ ಓಡಾಡುವುದು, ಅದಕ್ಕೆ ಬೇರೆ ದಾರಿ ಗೊತ್ತಿಲ್ಲ.

೮.

ಕುಂಡ ಎತ್ತಿ ನೋಡಿದರೆ ಮುಗಿಯಿತಲ್ಲ ಅಂತ ನೀವು ಗೊಣಗುತ್ತಿದ್ದೀರಿ, ನನಗೆ ಕೇಳಿಸುತ್ತಿದೆ. ಕಲೆ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಅಂಗಳ ಗುಡಿಸುವಾಗ ಖಾಲ್ತಿ ಪೊರಕೆಯನ್ನು ಕುಂಡದ ಸುತ್ತ ಒಯ್ದು ವಾಪಸ್ ತರುತ್ತಾರೆ. ಆಮ್ ಮೊಂಜಿ ದಿನಾ ನೀರು ಹಾಕುತ್ತಾರೆ. ಮೊದಲೆಲ್ಲ ಗಿಡ ಒಂದೇ ಕಡೆ ವಾಲದಿರಲಿ ಎಂದು ಆಗಾಗ ಕುಂಡ ತಿರುಗಿಸುತ್ತಿದ್ದವರು ಈಗ ತಿರುಗಿಸುವುದಿಲ್ಲ. ಗಿಡ ಬಿಸಿಲಿನ ಕಡೆಗೆ, ಅಂದರೆ ನಮ್ಮ ಗೋಡೆಯ ಕಡೆಗೆ, ಸೊಟ್ಟಗೆ ವಾಲಿಕೊಂಡಿದೆ.

ಭಾನುವಾರ ಲಝರ್ ನಿಜವಾಗಿಯೂ ಬಂದ. "ಏನಾಯ್ತು ಭಾವ, ಗಾಡಿ ನಂದೋ ನಿಮ್ದೋ?"

ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಗೋಡೆಯ ಕಡೆ ನೋಡಿದರು. ನಾನು ಪೆನ್ನು ಹಿಡಿದು ನಿಂತಿದ್ದೆ.

"ಬೇಯಾ ಇನ್ನೂ ಬರೀತಿದಾಳೆ," ಅಂದರು ಆಮ್ ಮೊಂಜಿ.

"ಅವಳದ್ದು ಮುಗಿದ ಮೇಲೆ ತೀರ್ಪು," ಅಂದರು ಖಾಲ್ತಿ. "ಅಲ್ಲೀವರೆಗೆ ಗಾಡಿ ಎಲ್ಲಿದೆಯೋ ಅಲ್ಲೇ."

"ಯಾವಾಗ ಮುಗಿಯುತ್ತೆ?" ಅಂದ ಲಝರ್.

"ನಮಗೇನ್ ಗೊತ್ತಪ್ಪ," ಅಂದರು ಖಾಲ್ತಿ. "ಸಾಹಿತ್ಯ."

ಆ ಮನೆಯಲ್ಲಿ ನನ್ನ ಬರವಣಿಗೆಗೆ ಯಾರಾದರೂ ಆ ಹೆಸರು ಕೊಟ್ಟದ್ದು ಅದೇ ಮೊದಲು. ಲಝರ್ ಊಟ ಮಾಡಿ ಬಸ್ಸು ಹತ್ತಿಕೊಂಡು ಹೋದ. ಶುಕ್ರವಾರ ಎಂದಿನಂತೆ ಪಿಕಪ್ ಹೊರಟಿತು. ಖಾಲ್ತಿ ಮುಂದಿನ ಸೀಟಿನಲ್ಲಿ ಸೂರ್ಯಕಾಂತಿ ಬೀಜ ಬಿಡಿಸುತ್ತಾ, ತಿರುವಿನಲ್ಲಿ ಮೆಲ್ಲಗೆ ಹೋಗು ಎಂದು ಬೈಯುತ್ತಾ ಅಕ್ಕನ ಮನೆಗೆ ಹೋಗಿ ಬಂದರು.

ಈಗ ಸಂಜೆ. ಈ ಸಾಲು ಬರೆಯುತ್ತಿರುವಾಗ ಪಕ್ಕದಲ್ಲಿ ಎಣ್ಣೆ ಚುರುಗುಟ್ಟುತ್ತಿದೆ.

"ಬೇಯಾ! ಮುಗೀತೇನೇ?"

"ಇಲ್ಲ ಖಾಲ್ತಿ. ಕೊನೇ ಪುಟ ಸರಿ ಬರ್ತಿಲ್ಲ. ಹರಿದು ಮತ್ತೆ ಬರೀಬೇಕು."

"ಹರಿ ಮಗಳೇ, ಹರಿ. ಚೆನ್ನಾಗಿ ಬರೋವರೆಗೂ ಹರಿ."

ಗೋಡೆಯ ಮೇಲೆ ಒಂದು ತಟ್ಟೆ ಬಂತು. ಹುರಿದ ಮೀನು, ಪಕ್ಕದಲ್ಲಿ ನಿಂಬೆ ಹೋಳು, ಮೇಲೆ ಒಂದು ಎಸಳು ಕಾಮಕಸ್ತೂರಿ. ಹಾಗಾಗಿ ಮೊದಲಿನಿಂದ ಕೇಳುತ್ತೇನೆ, ಎಲ್ಲಿಂದ ಶುರು ಮಾಡಲಿ?